ಅಳುಕು ಆರು

“ಆರು ಇತ್ತಮ್ಮ, ಆರು! ನಿಮ್ಮ ಕಣ್ಣಿಂದಾನೇ ನೋಡಿ. ಹನ್ನೆರಡು ಐವತ್ತಕ್ಕೆ ನಿಮ್ಮ ಅಳುಕು ಬರೀ ಆರು. ಅಂದ್ರೆ ಆ ಹೆಂಗಸಿನ ಬಗ್ಗೆ ನಿಮಗೆ ಒಂಚೂರೂ ಅನುಮಾನ ಇರಲಿಲ್ಲ. ಈಗ ಬಂದು ಯಂತ್ರದ ಮೇಲೆ ಕೂಗಾಡ್ತೀರಲ್ಲ, ನಾಚಿಕೆ ಆಗಲ್ವಾ?”

“ಅನುಮಾನ ಯಾಕ ಇರಬೇಕ್ರಿ? ಆಕಿ ಸಾಯಾಕತ್ತಿದ್ದು ನನಗ ಕಣ್ಣಿಗೆ ಕಾಣಾಕತ್ತಿತ್ತು! ಗೊತ್ತಿದ್ದದ್ದಕ್ಕ ಅಳುಕು ಎಲ್ಲಿಂದ ಬರಬೇಕು?”

“ದನಿ ತಗ್ಗಿಸಿ.”

“ತಗ್ಗಸಂಗಿಲ್ಲ. ಇಪ್ಪತ್ತಾರು ವರ್ಷದ ಹೆಣ್ಮಗಳು ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಸತ್ತಾಳ. ನಿಮ್ಮ ಯಂತ್ರ ಆಕೀಗೆ ಒಂಬತ್ತನೇ ಪಾಳಿ ಕೊಟ್ಟಿತ್ತು. ರೇಷನ್ ಅಂಗಡಿ ಏನ್ರೀ ಇದು?”

ಕೂಗಾಡುತ್ತಿದ್ದ ಗಂಡಸು ಆರೋಗ್ಯ ಇಲಾಖೆಯ ಉಪನಿರ್ದೇಶಕ ಕುಲಶೇಖರ, ಬೆಳಗಿನ ರೈಲಿಗೆ ಬೆಂಗಳೂರಿನಿಂದ ಬಂದಿಳಿದವರು. ತಿರುಗಿ ನಿಂತವಳು ಸಾವಂತ್ರಿ, ಕೆಂಚನಹಾಳ ಆರೋಗ್ಯ ಕೇಂದ್ರದ ಸ್ವತಂತ್ರ ಶುಶ್ರೂಷಾಧಿಕಾರಿ. ಹೆಸರು ಉದ್ದವಾಯಿತು, ಊರಿನವರಿಗೆ ಅವಳು ನರ್ಸಕ್ಕ. ಜಿಲ್ಲಾ ನಿಯಂತ್ರಣ ಕೊಠಡಿಯಲ್ಲಿ ಇವರಿಬ್ಬರ ನಡುವೆ ಕೂತಿದ್ದ ಮೂರನೆಯವಳು ಮೇದಿನಿ, ಅಳುಕುಮಾಪಕವನ್ನು ಮಾಡಿದ ವಿಜ್ಞಾನಿ. ಅವಳು ಒಂದು ಗಂಟೆಯಿಂದ ಬಾಯಿ ತೆರೆದಿರಲಿಲ್ಲ.

ಮೇಜಿನ ಮೇಲೆ ಒಂದೇ ಒಂದು ಹಾಳೆ. ಅದರಲ್ಲಿ ಹೀಗೆ ಅಚ್ಚಾಗಿತ್ತು: ‘ಶುಶ್ರೂಷಾಧಿಕಾರಿಯ ತೀರ್ಮಾನದ ದೋಷದಿಂದ ಫಕೀರವ್ವ ಎಂಬಾಕೆಯ ಸಾವು ಸಂಭವಿಸಿದೆ. ಉಪಕರಣದಲ್ಲಾಗಲಿ ವ್ಯವಸ್ಥೆಯಲ್ಲಾಗಲಿ ಲೋಪವಿಲ್ಲ.’ ಕೆಳಗೆ ಸಾವಂತ್ರಿಯ ಸಹಿಗೆ ಜಾಗ. ಸಹಿ ಹಾಕಿದರೆ ಒಂದು ಎಚ್ಚರಿಕೆ ಪತ್ರ, ಒಂದು ವರ್ಗಾವಣೆ, ಕೆಲಸ ಉಳಿಯುತ್ತದೆ. ಹಾಕದಿದ್ದರೆ ಪರವಾನಗಿ ರದ್ದು. ಅವಳು ಸಹಿ ಹಾಕಿದ ಮರುಗಳಿಗೆಯೇ ಅಳುಕುಮಾಪಕ ಇಡೀ ರಾಜ್ಯಕ್ಕೆ ಹೋಗುತ್ತದೆ. ಅದಕ್ಕೇ ಕುಲಶೇಖರ ಎರಡು ಸಲ ಗಡಿಯಾರ ನೋಡಿದ್ದರು.

“ನೀವೇ ಅಲ್ವೇನಮ್ಮ ಅವತ್ತು ಬಾವುಟ ಹಿಡಿದು ಕೂತಿದ್ದು? ‘ನಮ್ಮ ಕೈಗೆ ನಮ್ಮ ಸಹಿ’ ಅಂತ ಬೊಬ್ಬೆ ಹೊಡೆದಿದ್ದು? ಡಾಕ್ಟರ್ ಬೇಡ, ನಮ್ಮನ್ನ ನಾವೇ ನೋಡ್ಕೋತೀವಿ ಅಂದ್ರಿ. ಕೊಟ್ವಿ. ಈಗ ಆ ಕೈಯಿಂದಲೇ ಸಹಿ ಹಾಕಿ.”

ಆ ಮಾತು ಸಾವಂತ್ರಿಯ ಕೆನ್ನೆಗೆ ಹೊಡೆದಂತಾಯಿತು. ಏಕೆಂದರೆ ಅದರಲ್ಲಿ ಅರ್ಧ ನಿಜವಿತ್ತು.

ಎಂಟು ವರ್ಷದ ಹಿಂದೆ ಇದೇ ಕಚೇರಿಯ ಮುಂದೆ ಮೂರು ದಿನ ಬಿಸಿಲಲ್ಲಿ ಕೂತವರಲ್ಲಿ ಅವಳೇ ಮುಂದಾಳು. ಹೆರಿಗೆ ಮಾಡಿಸುವವರು ನಾವು, ಹಾವು ಕಡಿದವನಿಗೆ ಸೂಜಿ ಚುಚ್ಚುವವರು ನಾವು, ಕೊನೆಗೆ ಒಂದು ಜ್ವರದ ಗುಳಿಗೆ ಬರೆಯಲು ಡಾಕ್ಟರ ಸಹಿಗೆ ಕಾಯಬೇಕೇ ಎಂದು ಅವಳು ಕೇಳಿದ್ದಳು. ಸರಿಯಾಗಿಯೇ ಕೇಳಿದ್ದಳು. ಎರಡು ವರ್ಷ ಹೆಚ್ಚಿಗೆ ಓದಿ, ಪರೀಕ್ಷೆ ಕಟ್ಟಿ, ಪಾಸಾಗಿ ಪರವಾನಗಿ ಪಡೆದಿದ್ದಳು. ಆದರೆ ಡಾಕ್ಟರನ್ನು ತೆಗೆದುಹಾಕಿ ಎಂದು ಅವಳಾಗಲಿ, ಅವಳ ಜೊತೆ ಕೂತ ಇನ್ನೂರು ಜನ ನರ್ಸರಾಗಲಿ ಎಂದೂ ಕೇಳಿರಲಿಲ್ಲ. ಸರ್ಕಾರಕ್ಕೆ ಕೇಳಿಸಿದ್ದು ಮಾತ್ರ ಅದೊಂದೇ. ಪರವಾನಗಿ ಕೈಗೆ ಬಂದ ತಿಂಗಳೇ ಕೆಂಚನಹಾಳದ ಡಾಕ್ಟರ್ ರಝಾಕ್ ಅವರ ಹುದ್ದೆ ರದ್ದಾಯಿತು. ಅವರ ಹಿಂದೆಯೇ ಕಂಪೌಂಡರ್ ಹೋದ, ಗಂಡಸರ ವಾರ್ಡು ನೋಡುತ್ತಿದ್ದ ಅಟೆಂಡರ್ ಹೋದ. ಉಳಿದವಳು ಸಾವಂತ್ರಿ ಒಬ್ಬಳೇ, ನಲವತ್ತು ಹಳ್ಳಿಗೆ.

ರಝಾಕ್ ಇದ್ದಾಗ ಅವಳು ದಿನಕ್ಕೆ ನಾಲ್ಕೈದು ಸಲ ಕಿಟಕಿಯಿಂದ ತಲೆ ಹಾಕಿ, “ಸರ, ಒಂದ್ಸಲ ಬಂದು ನೋಡ್ರಿಲ್ಲಿ” ಅನ್ನುತ್ತಿದ್ದಳು. ಅವರು ಬಂದು, ಹೊಟ್ಟೆ ಒತ್ತಿ, “ಏನಿಲ್ಲವಾ, ಜೀರಿಗಿ ನೀರು ಕುಡಸು” ಅಂದು ಹೋಗುತ್ತಿದ್ದರು. ಅಲ್ಲಿಗೆ ಅನುಮಾನ ಮುಗಿಯಿತು. ಕಾಸು ಖರ್ಚಿಲ್ಲ, ಗಾಡಿಯಿಲ್ಲ, ಸ್ಕ್ಯಾನಿಂಗ್ ಇಲ್ಲ. ಅವರು ಹೋದ ಮೇಲೆ ಅದೇ ಅನುಮಾನ ಎಲ್ಲಿಗೆ ಹೋಗಬೇಕು? ಅರವತ್ತೆರಡು ಕಿಲೋಮೀಟರ್ ದೂರದ ಜಿಲ್ಲಾ ಆಸ್ಪತ್ರೆಗೆ ಹೋಯಿತು. ಎಲ್ಲ ಕೇಂದ್ರಗಳಿಂದಲೂ ಹೋಯಿತು. ರಕ್ತ ಪರೀಕ್ಷೆ ಮೂರು ಪಟ್ಟಾಯಿತು, ಅಂಬ್ಯುಲೆನ್ಸುಗಳು ನಿಂತಲ್ಲಿ ನಿಲ್ಲದಾದವು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಉಳಿಸಿದ ಡಾಕ್ಟರ ಸಂಬಳದ ದುಪ್ಪಟ್ಟನ್ನು ಸರ್ಕಾರ ಡೀಸೆಲ್ಲಿಗೂ ಸ್ಕ್ಯಾನಿಂಗಿಗೂ ಸುರಿದಿತ್ತು.

ಬುದ್ಧಿಯಿದ್ದವರಾದರೆ ಡಾಕ್ಟರನ್ನು ವಾಪಸು ಕರೆಯುತ್ತಿದ್ದರು. ಇವರು ಯಂತ್ರ ತಂದರು.

ಯಂತ್ರ ಅಂದರೆ ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ, ಕಣ್ಣಿನ ಮೇಲೊಂದು ತೆಳು ಕನ್ನಡಕ. ಅದು ರೋಗಿಯನ್ನು ನೋಡುವುದಿಲ್ಲ, ನರ್ಸನ್ನು ನೋಡುತ್ತದೆ. ಅವಳ ಬೆರಳ ಬೆವರು, ನಾಡಿ, ಕಣ್ಣು ಒಂದೇ ಕಡೆ ನಿಲ್ಲುವ ಹೊತ್ತು, ರೋಗಿಯ ಮೈ ಮುಟ್ಟುವ ಮುನ್ನ ಕೈ ತಡೆಯುವ ಕ್ಷಣ, ಎಲ್ಲವನ್ನೂ ಸೇರಿಸಿ ಸೊನ್ನೆಯಿಂದ ನೂರರವರೆಗೆ ಒಂದು ಅಂಕೆ ಕೊಡುತ್ತದೆ. ಅದಕ್ಕೆ ಅಳುಕು ಎಂದು ಹೆಸರಿಟ್ಟರು. ಐವತ್ತು ದಾಟಿದರೆ ಅಂಬ್ಯುಲೆನ್ಸ್ ತಾನಾಗಿ ಹೊರಡುತ್ತದೆ. ಹದಿನೈದರ ಕೆಳಗಿದ್ದರೆ ‘ಇಲ್ಲೇ ಚಿಕಿತ್ಸೆ’ ಎಂದು ಹಸಿರು ದೀಪ ಹತ್ತುತ್ತದೆ. ನರ್ಸು ತಾನೇ ಗಾಡಿ ಕೇಳಬಹುದು, ಆದರೆ ಹಾಗೆ ಕೇಳಿದ್ದಕ್ಕೆ ಕೈಕೋರಿಕೆ ಎಂದು ಹೆಸರು, ಅದು ಸಾಲಿನ ತುದಿಗೆ ಹೋಗುತ್ತದೆ. ಮೊದಲ ವರ್ಷ ನರ್ಸರು ಗಾಡಿ ಕೇಳಿ ಕೇಳಿ ಕೆಡಿಸಿದ್ದಾರಲ್ಲ, ಅದರ ಶಿಕ್ಷೆ.

ಫಕೀರವ್ವ ಸತ್ತ ದಿನ ಸಾವಂತ್ರಿಯ ಮೊದಲ ದೊಡ್ಡ ಕೇಸು ಫಕೀರವ್ವ ಆಗಿರಲಿಲ್ಲ. ಸಾವಂತ್ರಿಯ ಗಂಡನ ಅಣ್ಣ ವಿರುಪಣ್ಣ ಆಗಿದ್ದ.

ಹನ್ನೊಂದಕ್ಕೆ ಅತ್ತೆ ಗೌರವ್ವ ಮಗನ ರಟ್ಟೆ ಹಿಡಿದುಕೊಂಡು ಬಂದಳು. “ಎದಿ ಉರಿಯಾಕತ್ತೈತಂತ. ಲಗೂನ ನೋಡು. ನನ್ನ ಮಗಗ ಏನಾರ ಆದ್ರ ನಿನ್ನ ಬಿಡಂಗಿಲ್ಲ ನೋಡು ಸಾವಂತ್ರಿ.”

ವಿರುಪಣ್ಣ ಗೋಡೆಯ ಕಡೆ ಮುಖ ಮಾಡಿ ಕೂತ. ಬಾಯಿಂದ ಮೆಣಸಿನಕಾಯಿ ಬಜ್ಜಿಯ ವಾಸನೆ ಬಾಗಿಲಿನವರೆಗೆ ಬರುತ್ತಿತ್ತು. “ಅವ್ವಾ, ಆಕೀಗ ಹೇಳು, ಅಂಥಾದ್ದೇನಿಲ್ಲ ಅಂತ,” ಅಂದ. ಎದುರಿಗೇ ನಿಂತವಳಿಗೆ ನೇರ ಹೇಳಲಿಲ್ಲ. ಆ ಮನೆಯಲ್ಲಿ ತಮ್ಮನ ಹೆಂಡತಿಯೊಡನೆ ಭಾವ ನೇರ ಮಾತಾಡುವುದಿಲ್ಲ. ಅವಳೂ ಅವನೆದುರು ತಲೆ ತುಂಬ ಸೆರಗು ಹೊದ್ದು, ನೆಲ ನೋಡಿಕೊಂಡೇ ನೀರಿನ ಚೊಂಬು ಇಟ್ಟು ಸರಿದವಳು. ಇಪ್ಪತ್ತೆರಡು ವರ್ಷ ಹಾಗೆ. ಅವನ ಮುಖದಲ್ಲಿ ಎಡಗೆನ್ನೆಗೊಂದು ಮಚ್ಚೆಯಿದೆ ಎಂಬುದೂ ಅವಳಿಗೆ ಫೋಟೋ ನೋಡಿ ಗೊತ್ತಾಗಿದ್ದು.

ಈಗ ಅವನ ಅಂಗಿ ಬಿಚ್ಚಿಸಿ ಎದೆಯ ಮೇಲೆ ಇಸಿಜಿಯ ಆರು ಬಿಲ್ಲೆ ಅಂಟಿಸಬೇಕು. ಅಟೆಂಡರ್ ಇದ್ದಿದ್ದರೆ ಅವನು ಅಂಟಿಸುತ್ತಿದ್ದ. ರಝಾಕ್ ಇದ್ದಿದ್ದರೆ ಕಿಟಕಿಯಿಂದ ಒಂದು ಕೂಗು ಸಾಕಿತ್ತು. ಯಾರೂ ಇಲ್ಲ. ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಬಿಲ್ಲೆ ಹಿಡಿದ ಸಾವಂತ್ರಿಯ ಕೈ ಅವನ ಎದೆಯಿಂದ ಒಂದು ಗೇಣು ದೂರದಲ್ಲಿ ನಿಂತೇಬಿಟ್ಟಿತು. ಬೆವರು ಕಿತ್ತುಬಂತು. ಅತ್ತೆ ಬೆನ್ನ ಹಿಂದೆ ನಿಂತು ಉಸಿರು ಬಿಡುವುದು ಕೇಳಿಸುತ್ತಿತ್ತು.

ಇಸಿಜಿ ಚೊಕ್ಕವಾಗಿತ್ತು. ಗ್ಯಾಸು. ಅವಳಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಆದರೆ ಪಟ್ಟಿ ಎಪ್ಪತ್ತೊಂದು ತೋರಿಸಿತು, ಹತ್ತು ನಿಮಿಷದಲ್ಲಿ ಅಂಗಳದಲ್ಲಿ ಅಂಬ್ಯುಲೆನ್ಸ್ ಕೂಗಿತು.

ರದ್ದು ಮಾಡಬಹುದಿತ್ತು. ‘ಜವಾಬ್ದಾರಿ ನನ್ನದು’ ಎಂಬ ಚೌಕದ ಮೇಲೆ ಹೆಬ್ಬೆರಳು ಒತ್ತಬೇಕು, ಅಷ್ಟೇ. ಅವಳು ಹೆಬ್ಬೆರಳು ಚಾಚಿದಳು.

“ಸರಕಾರನ ಗಾಡಿ ಕಳಿಸೈತಿ, ನೀ ಯಾರ ಬ್ಯಾಡ ಅನ್ನಾಕಿ?” ಅಂದಳು ಅತ್ತೆ. “ಹೊರಗಿನವರಿಗಾದ್ರ ಓಡಿ ಓಡಿ ಕಳಸ್ತಿ. ನನ್ನ ಮಗ ಅಂದ್ರ ಕೈ ಹಿಂದ ತಗೀತಿ?”

ಸಾವಂತ್ರಿ ಹೆಬ್ಬೆರಳು ಮಡಚಿದಳು. ನಾಲ್ಕು ಹೋಬಳಿಗೆ ಇದ್ದ ಒಂದೇ ಗಾಡಿ ಬಜ್ಜಿ ತಿಂದ ಹೊಟ್ಟೆಯನ್ನು ಹೊತ್ತುಕೊಂಡು, ಕೆಂಪು ದೀಪ ತಿರುಗಿಸಿಕೊಂಡು ಜಿಲ್ಲೆಗೆ ಹೊರಟಿತು.

ಹನ್ನೆರಡು ಮುಕ್ಕಾಲಿಗೆ ಅಕ್ಕಿ ಗಿರಣಿಯಿಂದ ಫಕೀರವ್ವನನ್ನು ತಂದರು. ಗಂಡ ಯಮನೂರ ಅವಳನ್ನು ಎತ್ತಿಕೊಂಡೇ ಒಳಗೆ ಬಂದ. ಇಬ್ಬರ ಮೈಮೇಲೂ ತೌಡಿನ ಧೂಳು. ಚೀಲ ಎತ್ತುವಾಗ ಹೊಟ್ಟೆಯಲ್ಲಿ ಏನೋ ಹರಿದಂತಾಗಿ ಕುಸಿದಳಂತೆ. ಭುಜ ನೋಯುತ್ತದೆ ಎನ್ನುತ್ತಿದ್ದಳು. ಮುಟ್ಟು ನಿಂತು ಏಳು ವಾರ. ನಾಡಿ ನೂರಾ ನಲವತ್ತು, ರೆಪ್ಪೆ ಬಿಡಿಸಿದರೆ ಒಳಗೆಲ್ಲ ಬಿಳಿ, ಹೊಟ್ಟೆ ಹಲಗೆಯ ಹಾಗೆ. ಪಿಂಡ ಗರ್ಭಚೀಲದೊಳಗೆ ನಿಲ್ಲದೆ ನಾಳದಲ್ಲಿ ನಿಂತು ನಾಳ ಒಡೆದಿದೆ. ಹೊಟ್ಟೆಯೊಳಗೇ ರಕ್ತ ಸುರಿಯುತ್ತಿದೆ. ಕತ್ತರಿ ಹಿಡಿಯುವ ಡಾಕ್ಟರ್ ಬೇಕು, ಈಗಲೇ ಬೇಕು. ಇಂಥವರನ್ನು ಮೂವರನ್ನು ಅವಳು ನೋಡಿದ್ದಳು. ಕೈ ನಡುಗಲಿಲ್ಲ, ಕಣ್ಣು ಅಲುಗಲಿಲ್ಲ. ಎರಡು ಕಡೆ ಸಲೈನ್ ಹಾಕಿದಳು.

ಪಟ್ಟಿ ಹಸಿರಾಯಿತು. ಅಳುಕು ಆರು. ‘ಇಲ್ಲೇ ಚಿಕಿತ್ಸೆ.’

ಅವಳು ಕೈಕೋರಿಕೆ ಒತ್ತಿದಳು. ‘ನಿಮ್ಮ ಸರದಿ: ಒಂಬತ್ತು.’ ಮತ್ತೆ ಒತ್ತಿದಳು. ‘ನಿಮ್ಮ ಕೋರಿಕೆ ಈಗಾಗಲೇ ದಾಖಲಾಗಿದೆ.’ ನಿಯಂತ್ರಣ ಕೊಠಡಿಗೆ ಫೋನು ಮಾಡಿದರೆ ಒಬ್ಬ ಹುಡುಗಿ ಸಿಹಿಯಾಗಿ, “ಮೇಡಂ, ನಿಮ್ಮ ಅಳುಕು ಬರೀ ಆರು ಇದೆ, ಗಾಬರಿ ಆಗಬೇಡಿ” ಅಂದಳು.

ಗಿರಣಿಯ ಅಕ್ಕಿ ಸಾಗಿಸುವ ಟೆಂಪೋದಲ್ಲಿ ಚೀಲ ಹಾಸಿ ಮಲಗಿಸಿ, ಸಲೈನ್ ಬಾಟಲಿಯನ್ನು ಯಮನೂರನ ಕೈಗೆ ಕೊಟ್ಟು ಸಾವಂತ್ರಿಯೂ ಹತ್ತಿದಳು. ಹತ್ತೊಂಬತ್ತನೆಯ ಕಿಲೋಮೀಟರಿನಲ್ಲಿ, ಕಾಲುವೆಯ ಸೇತುವೆ ದಾಟುವಾಗ, ಫಕೀರವ್ವನ ನಾಡಿ ಸಿಗದೆ ಹೋಯಿತು. ಯಮನೂರನಿಗೆ ತಿಳಿಯಲಿಲ್ಲ. ಇನ್ನೂ ನಾಲ್ಕು ಮೈಲಿ ಬಾಟಲಿ ಎತ್ತಿ ಹಿಡಿದುಕೊಂಡೇ ಇದ್ದ. ಆಮೇಲೆ ಕೇಳಿದ್ದು ಒಂದೇ ಮಾತು: “ಗಾಡಿ ಯಾಕ ಬರಲಿಲ್ಲ ಅಕ್ಕಾರ?”

ಅವಳು ಫಕೀರವ್ವನ ಕಣ್ಣು ಮುಚ್ಚಿ, ಸಲೈನಿನ ಸೂಜಿ ತೆಗೆದಳು.

ಅವತ್ತು ಸಂಜೆ ವಿರುಪಣ್ಣ ಬಸ್ಸಿಳಿದು ಬಂದ. ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಗುಳಿಗೆ ಕೊಟ್ಟು, ಇನ್ನೊಂದು ಇಸಿಜಿ, ಒಂದು ಸ್ಕ್ಯಾನಿಂಗ್, ನಾಲ್ಕು ಬಗೆಯ ರಕ್ತ ಪರೀಕ್ಷೆ ಮಾಡಿ ಗ್ಯಾಸು ಎಂದು ಕಳಿಸಿದ್ದರು. ಗೌರವ್ವ ಹೊಸ್ತಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದಳು. ಸಾವಂತ್ರಿ ಅಂಗಳದ ಮೂಲೆಯಲ್ಲಿ ಸೀರೆಯ ರಕ್ತ ತೊಳೆಯುತ್ತಿದ್ದಳು.

ಒಂಬತ್ತನೆಯ ದಿನಕ್ಕೆ ವಿಚಾರಣೆಯ ಕರೆ ಬಂತು, ಜೊತೆಗೆ ಸಹಿ ಹಾಕಬೇಕಾದ ಹಾಳೆಯ ಪ್ರತಿಯೂ. ವಿಚಾರಣೆಯ ಹಿಂದಿನ ಸಂಜೆ ಊಟಕ್ಕೆ ಕೂತಾಗ ಗಂಡ ಬಸವಂತ ಮಾತು ತೆಗೆದ. ಅವನು ವಿದ್ಯುತ್ ಕಂಪನಿಯ ಲೈನ್‌ಮನ್, ಕಂಬ ಹತ್ತಿ ಇಳಿಯುವವನು. ಮನೆಯಲ್ಲಿ ಮಾತು ಕಡಿಮೆ.

“ಸಹಿ ಹಾಕಿ ಬಾ. ವರ್ಗಾ ಆದ್ರ ಆಗ್ಲಿ, ಇಬ್ರೂ ಹೋಗೂಣು.”

“ನನ್ನ ತೀರ್ಮಾನದ ತಪ್ಪು ಅಂತ ಬರದಾರ. ನನ್ನ ತೀರ್ಮಾನ ತಪ್ಪಿರಲಿಲ್ಲ.”

“ಮತ್ತ ಯಾರ ತಪ್ಪು?”

“ಗಾಡಿ ನಿಮ್ಮ ಅಣ್ಣನ್ನ ಕರಕೊಂಡು ಹೋಗಿತ್ತು. ನಾ ತಡೀಬೇಕಾಗಿತ್ತು. ನಿಮ್ಮ ಅವ್ವಗ ಹೆದರಿ ಸುಮ್ನಾದೆ.”

ಒಲೆಯ ಬಳಿಯಿಂದ ಗೌರವ್ವ ಸಿಡಿದಳು. “ನೋಡ್ರಿ! ಊರಾಗ ಯಾರರ ಸತ್ರ ಅದು ನನ್ನ ತಲಿಗೆ! ಅಷ್ಟು ಗೊತ್ತಿದ್ರ ಅವತ್ತ ಬಾಯಿ ಬಿಡಬೇಕಾಗಿತ್ತು. ನಾ ಏನು ಸಾಲಿ ಕಲ್ತಾಕಿ ಏನು? ದೊಡ್ಡ ಪರೀಕ್ಷಾ ಪಾಸಾದಾಕಿ ನೀನು!”

ಅದೂ ನಿಜವೇ. ಸಾವಂತ್ರಿಗೆ ಸಿಟ್ಟು ಬಂದದ್ದು ಅದಕ್ಕೇ.

ವಿರುಪಣ್ಣ ತಟ್ಟೆ ಸರಿಸಿ ಎದ್ದ. ಪಡಸಾಲೆಯ ಕಂಬದ ಕಡೆ ನೋಡುತ್ತ, “ಬಸವಾ, ಆಕೀಗ ಹೇಳು. ಎಲ್ಲಿ ಏನು ಬರೀಬೇಕೋ ಬರೀಲಿ. ನನ್ನ ಹೆಸರೂ ಹಾಕ್ಲಿ. ನನಗ ಬಜ್ಜಿ ಅಂದ್ರ ಈಗ ವಾಕರಿಕಿ ಬರ್ತೈತಿ,” ಅಂದು ಹೊರಗೆ ಹೋದ. ಅಷ್ಟು ವರ್ಷದಲ್ಲಿ ಅವನು ಅವಳಿಗಾಗಿ ಆಡಿದ ಅತಿ ಉದ್ದದ ಮಾತು ಅದು.

ಮರುದಿನ ನಿಯಂತ್ರಣ ಕೊಠಡಿಯಲ್ಲಿ ಕುಲಶೇಖರ ಬಾವುಟದ ಮಾತೆತ್ತಿದ ಮೇಲೆ ಸಾವಂತ್ರಿ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು.

“ನನ್ನ ಮುಂದ ಎಂಟು ಮಂದಿ ಪಾಳಿ ಇದ್ರಲ್ರಿ, ಅವರ್ಯಾರು? ಓದ್ರಿ ನೋಡೂಣು.”

“ಅದು ಇಲ್ಲಿಗೆ ಸಂಬಂಧ ಇಲ್ಲ.”

ಆಗ ಮೇದಿನಿ ಮೊದಲ ಸಲ ಬಾಯಿ ತೆರೆದಳು. “ನಾನು ನೋಡಿದೀನಿ. ಮೂವರಿಗೆ ಎದೆ ಉರಿ. ಇಬ್ಬರಿಗೆ ತಲೆಸುತ್ತು. ಇಬ್ಬರು ಮಕ್ಕಳಿಗೆ ಜ್ವರ. ಒಬ್ಬರಿಗೆ ಮಾತ್ರ ನಿಜವಾಗಿ ಪಾರ್ಶ್ವವಾಯು. ಉಳಿದ ಏಳು ಜನ ಅವತ್ತೇ ಮನೆಗೆ ಹೋಗಿದಾರೆ.”

“ಅವು ಏಳು ರೋಗ ಅಲ್ರಿ ಮೇಡಂ. ಏಳು ಮಂದಿ ನರ್ಸರ ಹೆದರಿಕಿ. ಒಬ್ಬಾಕೀನೇ ಕುಂತಿರ್ತಾಳ, ಕೇಳಾಕ ಯಾರೂ ಇಲ್ಲ, ನಾಳೆ ಏನರ ಆದ್ರ ಊರಿನವ್ರು ಬಡಿಯಾಕ ಬರ್ತಾರ. ಬೆವರದ ಇರ್ತಾಳೇನು? ಇದನ್ನ ನೀವು ಎಲ್ಲಿ ಪರೀಕ್ಷಾ ಮಾಡಿದ್ರಿ?”

“ನಗರದ ದೊಡ್ಡ ಆಸ್ಪತ್ರೆಯಲ್ಲಿ. ನಾನೂರು ನರ್ಸರ ಮೇಲೆ. ಅಲ್ಲಿ ಅವರು ಅಳುಕಿದಾಗೆಲ್ಲ ಹತ್ತಕ್ಕೆ ಒಂಬತ್ತು ಸಲ ರೋಗಿ ನಿಜವಾಗಲೂ ಅಪಾಯದಲ್ಲಿದ್ದ.”

“ಅವರ ಬಾಜೂಕ ಡಾಕ್ಟರ್ ಇದ್ರೇನು?”

ಮೇದಿನಿ ತನ್ನ ಮುಂದಿನ ಪರದೆಯಿಂದ ಕಣ್ಣೆತ್ತಿದಳು. “ಇದ್ದರು. ಪಕ್ಕದ ಕೋಣೆಯಲ್ಲೇ.”

“ಮತ್ತ! ಸಣ್ಣ ಪುಟ್ಟ ಅನುಮಾನ ಅಲ್ಲೇ ಕೇಳಿ ಮುಗಿಸಿರ್ತಾರ. ಉಳದದ್ದಷ್ಟ ಖರೇ ಅಳುಕು. ನೀವು ಅಳತಿ ಮಾಡಿದ್ದು ಡಾಕ್ಟರ್ ಇದ್ದ ನರ್ಸನ್ನ. ಕಟ್ಟಿದ್ದು ಡಾಕ್ಟರ್ ಇಲ್ಲದ ನರ್ಸಿನ ಕೈಗೆ.”

ಮೇದಿನಿ ಪರದೆಯ ಮೇಲಿನ ದಾಖಲೆಯನ್ನು ಹಿಂದಕ್ಕೆ ಸರಿಸಿದಳು. “ಇದೊಂದು ಹೇಳಿ. ಅದೇ ದಿನ ಹನ್ನೊಂದು ಹದಿನಾಲ್ಕಕ್ಕೆ ನಿಮ್ಮ ಕೈ ರೋಗಿಯ ಎದೆಯ ಮುಂದೆ ನಲವತ್ತು ಸೆಕೆಂಡ್ ನಿಂತಿದೆ. ಇಸಿಜಿ ಸರಿಯಾಗಿದೆ. ನಿಮಗೆ ಏನು ಅನುಮಾನ ಬಂತು?”

“ಅನುಮಾನ ಅಲ್ರಿ. ಆತ ನನ್ನ ಭಾವ.”

“ಅಂದ್ರೆ?”

“ಅಂದ್ರ ನಾ ಆತನ ಮುಖಾ ನೋಡಿದಾಕೀನ ಅಲ್ಲ. ಎದಿ ಮುಟ್ಟೂದು ಹ್ಯಾಂಗ? ನಾಚಿಕಿ ಬಂತು.”

ಕುಲಶೇಖರ ಜೋರಾಗಿ ನಕ್ಕುಬಿಟ್ಟರು. “ಅಯ್ಯೋ ಶಿವನೇ! ನಾಚಿಕೆಗೆ ಅಂಬ್ಯುಲೆನ್ಸ್ ಹೋಯ್ತಾ? ಮೇದಿನಿ, ಇದನ್ನೇ ಸೇರಿಸಿ ವರದೀಲಿ. ಶುಶ್ರೂಷಾಧಿಕಾರಿಯ ವೈಯಕ್ತಿಕ ದೋಷ. ಇನ್ನೂ ಒಳ್ಳೇದೇ ಆಯ್ತು.”

ಮೇದಿನಿ ನಗಲಿಲ್ಲ. ಪರದೆಯ ಮೇಲಿನ ಎಪ್ಪತ್ತೊಂದನ್ನು ನೋಡುತ್ತ ಕೂತಳು. “ಸರ್, ಇದನ್ನ ಇನ್ನೊಂದು ವರ್ಷ ಪರೀಕ್ಷೆ ಮಾಡಬೇಕು,” ಎಂದಳು, ತಗ್ಗಿದ ದನಿಯಲ್ಲಿ.

“ಒಂದು ದಿನಾನೂ ಇಲ್ಲ. ಒಂದನೇ ತಾರೀಖಿಂದ ಇಡೀ ರಾಜ್ಯಕ್ಕೆ ಅಂತ ಆದೇಶ ಆಗಲೇ ತಯಾರಿದೆ.”

ಮೇದಿನಿ ತಲೆ ತಗ್ಗಿಸಿದಳು. ಅಷ್ಟೇ. ಎದ್ದು ನಿಲ್ಲಲಿಲ್ಲ. ಸಾವಂತ್ರಿ ಅವಳು ಏಳುತ್ತಾಳೆಂದು ಒಂದು ಕ್ಷಣ ಕಾದಳು. ಆಮೇಲೆ ಪೆನ್ನು ಕೈಗೆತ್ತಿಕೊಂಡಳು.

“ಹಾಂ, ಹಾಗೆ ಬನ್ನಿ ದಾರಿಗೆ,” ಅಂದರು ಕುಲಶೇಖರ.

ಅವಳು ಅಚ್ಚಾದ ಸಾಲುಗಳ ಮೇಲೆ ಅಡ್ಡಗೆರೆ ಎಳೆದಳು. ಕೆಳಗೆ, ಕನ್ನಡ ಶಾಲೆಯ ದುಂಡು ಅಕ್ಷರದಲ್ಲಿ ಬರೆದಳು: ‘ಫಕೀರವ್ವ ಸಾಯುತ್ತಾಳೆಂದು ನನಗೆ ಖಚಿತವಾಗಿ ಗೊತ್ತಿತ್ತು. ಗಾಡಿ ಕೇಳಿದೆ, ಕೊಡಲಿಲ್ಲ. ಗಾಡಿ ನನ್ನ ಭಾವನ ಗ್ಯಾಸಿಗೆ ಹೋಗಿತ್ತು. ಅದನ್ನು ನಾನು ತಡೆಯಬಹುದಿತ್ತು, ಮನೆಯವರಿಗೆ ಹೆದರಿ ತಡೆಯಲಿಲ್ಲ. ಆ ತಪ್ಪು ನನ್ನದು. ನನ್ನ ಪಕ್ಕದಲ್ಲಿ ಕೇಳಲು ಒಬ್ಬ ಮನುಷ್ಯನನ್ನೂ ಇಡದ ತಪ್ಪು ನಿಮ್ಮದು.’ ಸಹಿ ಹಾಕಿದಳು. ಪಟ್ಟಿಯನ್ನೂ ಕನ್ನಡಕವನ್ನೂ ಕಳಚಿ ಮೇಜಿನ ಮೇಲಿಟ್ಟಳು.

ಕುಲಶೇಖರ ಓದಿ ಕೆಂಪಾದರು. “ಇದು ನಡೆಯಲ್ಲ. ಹೊಸ ಹಾಳೆ ತೆಗೀತೀನಿ, ಕೂತ್ಕೊಳಿ.” ಪ್ರಿಂಟರಿನ ಗುಂಡಿ ಒತ್ತಲು ಅವರು ಅತ್ತ ತಿರುಗಿದಾಗ ಸಾವಂತ್ರಿ ತಾನು ಬರೆದ ಹಾಳೆಯನ್ನು ಎತ್ತಿ ಮಡಚಿ ಕೈಯಲ್ಲಿ ಹಿಡಿದಳು.

“ಏ, ಅದೆಲ್ಲಿಗೆ ತಗೊಂಡು ಹೋಗ್ತಿದೀರಿ? ಅದು ಸರ್ಕಾರದ ಹಾಳೆ!”

“ಸತ್ತಾಕಿನೂ ಸರಕಾರದ ರೋಗಿನ ಇದ್ಳು. ಆಕೀನ ಯಾರೂ ಕೇಳಲಿಲ್ಲ.”

“ಎಲ್ಲಿಗೆ ಅಂತ ಕೇಳ್ತಿದೀನಿ!”

“ಯಮನೂರನ ಹಂತೇಕ. ಗಾಡಿ ಯಾಕ ಬರಲಿಲ್ಲ ಅಂತ ಕೇಳಿದ್ದ. ಹೇಳಿ ಬರ್ತೀನಿ.”

“ಈ ಬಾಗಿಲು ದಾಟಿದ್ರೆ ನಿಮ್ಮ ಪರವಾನಗಿ ಇಲ್ಲ, ನೆನಪಿರಲಿ!”

ಅವಳು ದಾಟಿದಳು. ಮೆಟ್ಟಿಲಿಳಿಯುವಾಗ ಮೇಲಿನಿಂದ ಎರಡು ಸಲ ಅವಳ ಹೆಸರು ಕೂಗಿದ್ದು ಕೇಳಿಸಿತು. ಮೊದಲಿನದು ಗಂಡಸಿನ ದನಿ, ಎರಡನೆಯದು ಮೇದಿನಿಯದು. ಎರಡಕ್ಕೂ ತಿರುಗಲಿಲ್ಲ. ರಸ್ತೆ ದಾಟಿ ಗಿರಣಿಯ ಕಡೆ ಹೋಗುವ ಬಸ್ಸು ಹತ್ತಿದಳು.

ಆ ಕೋಣೆಗೆ ಅವಳು ಮತ್ತೆ ಕಾಲಿಡಲಿಲ್ಲ. ಕೆಂಚನಹಾಳದ ಕೇಂದ್ರಕ್ಕೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಬೀಗ ಹಾಕಿದ ಬಾಗಿಲಿನ ಮುಂದೆ ಹದಿನೇಳು ಜನ ಕೂತಿದ್ದರು. ಒಬ್ಬಳು ತುಂಬು ಬಸುರಿ. ಮಧ್ಯಾಹ್ನದವರೆಗೆ ಕಾದರು, ಆಮೇಲೆ ಒಬ್ಬೊಬ್ಬರೇ ಎದ್ದು ಹೋದರು.